ಅಕ್ಷತೆಯ ಮೇಲೆ ಕುಳಿತ ಕನ್ನಡಿ

ಹೋದ ವರ್ಷ ಕಾರಹುಣ್ಣಿಮೆ ಮುಗಿದ ಮರುದಿನದ ಮಾತು. ಓಣಿಯ ಎತ್ತುಗಳ ಕೊಂಬಿನ ಬಣ್ಣ ಇನ್ನೂ ಮಾಸಿರಲಿಲ್ಲ. ನಾನು ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಕುಟ್ಟಲೆಂದು ಶೇಂಗಾ ಹುರಿಯುತ್ತಿದ್ದೆ. ಬಾಣಂತನಕ್ಕೆ ಬಂದಿದ್ದ ಮಗಳು ಸವಿತಾ ಫೋನು ಹಿಡಿದು ಒಳಗೆ ಬಂದಳು. “ಅವ್ವಾ, ನಮ್ಮ ಅತ್ತಿಯವರು” ಎಂದು ನನ್ನ ಕಿವಿಗೇ ಹಿಡಿದಳು.

ಶೇಡಬಾಳದ ಬೀಗತಿ ಮಾತು ಸುತ್ತಿ ಬಳಸಿ ಆಡುವವರಲ್ಲ.

“ಅಕ್ಕಾರ, ಆಷಾಢ ಹತ್ತೂದರೊಳಗ ಸವಿತಾನ್ನ, ಕೂಸನ್ನ ಕರಕೊಂಡ ಬರ್ತೀವ್ರಿ. ಬರೂ ಸೋಮವಾರ ಛಲೋ ದಿನ ಐತಿ.”

“ಕೂಸಿನ ಏಳನೇ ತಿಂಗಳಿಗೆ ಅಂದಿದ್ರೆಲ್ರಿ?”

“ಅಂದಿದ್ದೆ. ಆದ್ರ ನಿಮ್ಮ ಅಳಿಯ ಕೇಳವಲ್ಲ. ಡೈರಿಗೆ ಹಾಲ ಹಾಕಿ ಬರ್ತೀನಂತ ಹೋದಾಂವ ಗಾಡಿ ತಿರುಗಿಸಿ ನಿಮ್ಮ ಸದಲಗಾಕ್ಕ ಬರ್ತಾನ. ಮಗನ ಮಾರಿ ನೋಡ್ಕೊಂಡ ಮಧ್ಯಾಹ್ನಕ್ಕ ಹೊಳ್ಳಿ ಬರ್ತಾನ. ಇಲ್ಲೆ ಎಮ್ಮಿ ಒದರತಿರ್ತಾವು. ಆರನೇ ತಿಂಗಳದಾಗ ಕರಕೊಳ್ಳಬಾರದು, ಏಳರ ತನಕ ಕಾಯಬೇಕಂದ್ರ ನಮ್ಮ ಎಮ್ಮಿ ಬತ್ತಿ ಹೋಗ್ತಾವು. ಐದರಾಗ ಕರಕೊಂಡ ಬಿಡ್ತೀವಿ. ತೊಟ್ಟಿಲಾ ತಯಾರ ಐತೆಲ್ರಿ?”

“ಆಕ್ಕೈತ್ರಿ” ಎಂದೆ. ಆಗಿದೆ ಎನ್ನಲಿಲ್ಲ. ಫೋನು ಇಡುವಷ್ಟರಲ್ಲಿ ಶೇಂಗಾ ಒಂದು ಕಡೆ ಕರ್ರಗಾಗಿತ್ತು.

ನಮ್ಮ ಕಡೆ ಚೊಚ್ಚಲ ಬಾಣಂತನ ಮುಗಿಸಿ ಮಗಳನ್ನು ಕಳಿಸುವಾಗ ತವರಿನಿಂದ ತೊಟ್ಟಿಲು ಕೊಡುವ ಪದ್ಧತಿ. ನಮ್ಮ ಮನೆಯವರು, ಸವಿತಾಳ ಅಪ್ಪ, ಬಡಿಗತನ ಮಾಡುವವರು. ಮೊಮ್ಮಗನಿಗೆಂದು ಸಾಗವಾನಿಯಲ್ಲಿ ತಾವೇ ತೊಟ್ಟಿಲು ಮಾಡಿದ್ದರು. ಎರಡೂ ಪಕ್ಕದ ಹಲಗೆಗಳ ಹೊರಮೈಗೆ ಶಂಕರಪಾಳಿ ತಿಂಡಿಯಂತೆ ವಜ್ರಾಕಾರದ ಸಣ್ಣ ಸಣ್ಣ ತಗ್ಗು ಕೊರೆದು ಇಟ್ಟಿದ್ದರು. ತಂದಿಟ್ಟ ಕನ್ನಡಿ ಹಾಳೆಯನ್ನು ಕೊಯ್ದು ಅವುಗಳಲ್ಲಿ ಕೂರಿಸುವುದೊಂದು ಬಾಕಿ. ಕನ್ನಡಿ ತೊಟ್ಟಿಲೇ ಬೇಕೆಂದವರು ಬೀಗತಿ. ಕೂಸನ್ನು ನೋಡಲು ಬಂದವರ ಕಣ್ಣು ಮೊದಲು ಕನ್ನಡಿಗೆ ಬೀಳಬೇಕು, ದೃಷ್ಟಿ ಅವರ ಮುಖಕ್ಕೇ ತಿರುಗಿ ಹೋಗಬೇಕು ಎಂಬುದು ಅವರ ಮನೆತನದ ನಂಬಿಕೆ. ಒಳಮೈಗೆ ಮಾತ್ರ ಒಂದು ತುಣುಕೂ ಇರಬಾರದು. ಹಲ್ಲು ಬರುವ ತನಕ ಕೂಸು ಕನ್ನಡಿ ನೋಡಬಾರದಲ್ಲ.

ಏಳನೇ ತಿಂಗಳಿಗೆಂದು ನಾವು ಸಾವಕಾಶವಾಗಿದ್ದೆವು. ಅದೇ ಧೈರ್ಯದ ಮೇಲೆ ನಮ್ಮ ಮನೆಯವರು ನಿಪ್ಪಾಣಿಗೆ ಹೋಗಿ ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದರು. ಇನ್ನೊಂದು ಕಣ್ಣಿನಲ್ಲೂ ಪೊರೆ. ಬಗ್ಗಬಾರದು, ಭಾರ ಎತ್ತಬಾರದು, ಧೂಳು ಮತ್ತು ಗಾಜಿನ ಪುಡಿಯ ಹತ್ತಿರ ಸುಳಿಯಬಾರದು ಎಂದು ಡಾಕ್ಟರು ತಾಕೀತು ಮಾಡಿದ್ದರು. ಕರಿ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಸುದ್ದಿ ಕೇಳಿದ್ದೇ ಎದ್ದು ನಿಂತರು.

“ಗಾಜ ಕೊಯ್ಯೂ ಕಟರ್ ಎಲ್ಲಿ ಐತಿ? ಕೊಡ ಇಲ್ಲೆ. ಒಂದ ದಿನದ ಕೆಲಸ.”

“ಕಣ್ಣಾಗ ಒಂದ ಪುಡಿ ಹೋದ್ರ ಜನ್ಮದ ಕೆಲಸ ಆಕ್ಕೈತಿ. ಕುಂದರ್ರಿ ಸುಮ್ಮಕ” ಎಂದು ನಾನು ಕಟರನ್ನು ಹಿಟ್ಟಿನ ಡಬ್ಬಿಯ ಹಿಂದೆ ಮುಚ್ಚಿಟ್ಟೆ.

ಕನ್ನಡಿ ಹಾಳೆ ಕೊಟ್ಟ ಚಿಕ್ಕೋಡಿಯ ಅಂಗಡಿಗೆ ಫೋನು ಮಾಡಿಸಿದೆ. ಇಷ್ಟು ಸಣ್ಣ ತುಂಡು ನಾವು ಕೊಯ್ಯುವುದಿಲ್ಲ ಎಂದರು. ನಮ್ಮ ಮನೆಯವರ ಗುರುತಿನ ಇನ್ನೊಬ್ಬ ಬಡಿಗ ಕೊಲ್ಹಾಪುರದಲ್ಲಿ ಯಾರದೋ ಮನೆಯ ಕಪಾಟಿನ ಕೆಲಸ ಹಿಡಿದುಕೊಂಡು ಕುಳಿತಿದ್ದ. ಎರಡು ವಾರ ಬರುವುದಿಲ್ಲವಂತೆ. ಖಾಲಿ ತಗ್ಗುಗಳ ತೊಟ್ಟಿಲು ಹಲ್ಲುದುರಿದ ಬಾಯಿಯ ಹಾಗೆ ಬಡಿಗತನದ ಶೆಡ್ಡಿನಲ್ಲಿ ನಿಂತಿತ್ತು.

ಸಂಜೆ ಚಹಾ ಕುಡಿಯುತ್ತ ನಮ್ಮ ಮನೆಯವರೇ ಮೆಲ್ಲಗೆ ಮಾತು ತೆಗೆದರು. “ನೀನs ಕೊಯ್ಯ.”

“ನಾನ?”

“ದೀಪಾವಳ್ಯಾಗ ಶಂಕರಪಾಳಿ ಯಾರ ಕೊಯ್ತಾರ? ಮೊದಲ ಉದ್ದಕ್ಕ ಪಟ್ಟಿ, ಆಮ್ಯಾಲ ಓರಿ. ಇದೂ ಅಷ್ಟs. ಕಟರಿಗೂ ನಿನ್ನ ಕರಜಿಕಾಯಿ ಅಂಚ ಕೊಯ್ಯೂ ಗಾಲಿಯಂಥದs ಗಾಲಿ ಐತಿ, ಸಣ್ಣದ.”

ನನಗೆ ಕೈಗಿಂತ ಮನಸ್ಸು ಹಿಂಜರಿಯಿತು. “ಬಾಣಂತಿ ಇರೂ ಮನ್ಯಾಗ ನಾ ಕನ್ನಡಿ ಒಡ್ಯಾಂಗಿಲ್ರಿ. ನೀವು ಏನರ ಅನ್ರಿ” ಎಂದೆ. ಇದು ನೆಪವಾಗಿರಲಿಲ್ಲ. ಮನೆಯಲ್ಲಿ ಕನ್ನಡಿ ಒಡೆದರೆ ಏನೋ ಕೇಡು ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವಳು ನಾನು. ಕೈಯಿಂದ ಜಾರಿ ಬಿದ್ದರೇ ದೇವರಿಗೆ ತಪ್ಪುಗಾಣಿಕೆ ಕಟ್ಟುವವಳು. ಗೊತ್ತಿದ್ದೂ ಒಡೆಯುವುದು ಹೇಗೆ?

ಮೂಲೆಯಲ್ಲಿ ಕೂಸಿಗೆ ಕುಲಾಯಿ ಹೊಲಿಯುತ್ತ ಕುಳಿತಿದ್ದ ನಮ್ಮತ್ತೆ ತಲೆ ಎತ್ತದೆ ಹೇಳಿದರು. “ಒಡಿಯೂದ ಬ್ಯಾರೆ, ಕೊಯ್ಯೂದ ಬ್ಯಾರೆ. ತಾಳಿ ಮಾಡೂ ಪತ್ತಾರ ಬಂಗಾರ ಕತ್ತರಸಂಗಿಲ್ಲೇನ? ಮಲ್ಲಯ್ಯನ ಹೆಸರ ಹೇಳಿ ಪೂಜಿ ಮಾಡಿ ಕೊಯ್ಯ. ಕೂಸಿನ ಸಲುವಾಗಿ ಮಾಡೂದಕ್ಕ ಯಾವ ದ್ವಾಷನೂ ತಟ್ಟಂಗಿಲ್ಲ.”

ಅತ್ತೆಯ ಮಾತಿಗೆ ನಾನು ಎದುರಾಡುವವಳಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಶೆಡ್ಡು ಗುಡಿಸಿದೆ. ಕೂಸು ಮತ್ತು ಸವಿತಾ ಆ ಕಡೆ ಬರಬಾರದೆಂದು ಬಾಗಿಲಿಗೆ ಹಳೇ ಸೀರೆ ಕಟ್ಟಿದೆ. ಕೆಲಸದ ಮೇಜಿಗೆ ಅರಿಶಿನ ಕುಂಕುಮ ಹಚ್ಚಿ, ಮಂಗಸೂಳಿಯ ಮಲ್ಲಯ್ಯನ ಗುಡಿಯಿಂದ ತಂದಿದ್ದ ಭಂಡಾರದ ಪುಡಿ ಚಿಟಿಕೆ ಹಾಕಿ, ಅಕ್ಷತೆ ಇಟ್ಟು ಊದುಬತ್ತಿ ಬೆಳಗಿದೆ. ಆಮೇಲೆ ಕನ್ನಡಿ ಹಾಳೆಯನ್ನು ತಂದು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದೆ. ನಮ್ಮ ಮನೆಯವರು ಗಾಜಿನ ಪುಡಿ ಸಿಡಿಯದಷ್ಟು ದೂರಕ್ಕೆ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತರು.

“ಗಾಲಿ ಚಿಮಣಿ ಎಣ್ಯಾಗ ಅದ್ದು. ಹೊಳಿಯೂ ಮೈ ಮ್ಯಾಲ ಐತೆಲ್ಲ? ಬಣ್ಣ ಇರೂ ಬೆನ್ನಿಗೆ ಎಳದೀ ಮತ್ತ. ಕಟ್ಟಿಗಿ ಪಟ್ಟಿ ಬಿಗಿ ಹಿಡಿ. ಒಂದ ಸಲ ಎಳಿ, ಹೊಳ್ಳಿ ಎಳೀಬ್ಯಾಡ. ಹಿಟ್ಟಾದ್ರ ತಡಕೋತೈತಿ, ಕನ್ನಡಿ ತಡಕೊಳ್ಳಂಗಿಲ್ಲ.”

ಮಲ್ಲಯ್ಯನನ್ನು ನೆನೆದೆ. ಎಡಗೈಯಿಂದ ಪಟ್ಟಿಯನ್ನು ಒತ್ತಿ ಹಿಡಿದು ಕಟರ್ ಇಟ್ಟೆ. ಇನ್ನೂ ಗೇಣುದ್ದ ಎಳೆದಿರಲಿಲ್ಲ. ಟಳ್ ಎಂದಿತು. ನಾನು ಎಳೆದ ಗೆರೆಯನ್ನು ಬಿಟ್ಟು, ಹಾಳೆಯ ಈ ಮೂಲೆಯಿಂದ ಆ ಮೂಲೆಗೆ ಸೀಳು ಓಡಿತು.

ನನ್ನ ಮುಖ ಅದರಲ್ಲಿ ಎರಡಾಗಿ ಕಂಡಿತು. ಕೈಯಲ್ಲಿದ್ದ ಕಟರ್ ಕೆಳಗೆ ಬಿತ್ತು. ಅದೇ ಹೊತ್ತಿಗೆ ಒಳಗೆ ಕೂಸು ಅಳತೊಡಗಿತು. ಅದು ದಿನಾ ಆ ಹೊತ್ತಿಗೆ ಹಸಿದು ಅಳುತ್ತದೆ ಎಂದು ನನಗೆ ಗೊತ್ತಿಲ್ಲವೇ? ಗೊತ್ತು. ಆದರೂ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

“ಒಲ್ಲೆ ಒಲ್ಲೆ ಅಂದೆ. ಎಲ್ಲಾರೂ ಕೂಡಿ ನನ್ನ ಕೈಲೆ ಮಾಡಿಸಿದ್ರಿ. ದೇವರ ಸಿಟ್ಟಾಗ್ಯಾನ” ಎಂದು ಅತ್ತುಬಿಟ್ಟೆ.

ನಮ್ಮ ಮನೆಯವರು ಎದ್ದು ಬಂದರು. ಬಗ್ಗಬೇಡಿರೆಂದು ನಾನು ಅಳುವಿನ ನಡುವೆಯೇ ಕೂಗಿದೆ. ಅವರು ಬಗ್ಗಲಿಲ್ಲ. ನಿಂತಲ್ಲಿಂದಲೇ ಒಂದು ತುಂಡನ್ನು ತುಸು ಎತ್ತಿ, ಅದರ ಕೆಳಗೆ ಮೇಜಿನ ಮೇಲೆ ಅಂಗೈ ಆಡಿಸಿದರು. ಕೈ ಒಂದು ಕಡೆ ನಿಂತಿತು. ಬೆರಳ ತುದಿಯಲ್ಲಿ ಏನನ್ನೋ ಒತ್ತಿ ತೆಗೆದು ನನ್ನ ಮುಂದೆ ಹಿಡಿದರು. ಅರಿಶಿನ ಹತ್ತಿದ ಒಂದು ಅಕ್ಕಿಕಾಳು.

“ದೇವರ ಸಿಟ್ಟಾಗಿಲ್ಲ. ನೀ ಅಕ್ಷತಿ ಇಟ್ಟ, ಅದರ ಮ್ಯಾಲ ಕನ್ನಡಿ ಹಾಸೀದಿ. ಒತ್ತಿ ಹಿಡದ ಕೂಡಲೇ ಕಾಳ ಕೆಳಗಿಂದ ಒತ್ತೈತಿ. ಒಡೀದ ಇನ್ನೇನ ಮಾಡೀತ?”

ಪೂಜೆ ಮಾಡಿದ ಅಕ್ಷತೆಯನ್ನು ಕಸದ ಹಾಗೆ ಒರೆಸಿ ಹಾಕುವುದುಂಟೇ? ನನಗೆ ಆ ವಿಚಾರವೇ ಬಂದಿರಲಿಲ್ಲ. ಅವರು ನಗತೊಡಗಿದರು. ಕಣ್ಣಿಗೆ ಜಗ್ಗುತ್ತದೆಂದು ನಗು ತಡೆಯಲು ಹೋಗಿ ಕೆಮ್ಮಿದರು. ನನಗೆ ನಗು ಬರಲಿಲ್ಲ. ಯಾಕೆ ಒಡೆಯಿತು ಎನ್ನುವುದು ತಿಳಿಯಿತು, ಆದರೆ ಒಡೆದದ್ದಂತೂ ಒಡೆದಿತ್ತಲ್ಲ.

“ಇದರಾಗs ಎಲ್ಲಾ ತುಂಡ ಆಕ್ಕಾವು. ಹೆಂಗೂ ಸಣ್ಣ ಮಾಡೂದs ಐತೆಲ್ಲ” ಎಂದರು ಅವರು.

“ಒಡದ ಕನ್ನಡಿ ಕೂಸಿನ ತೊಟ್ಟಿಲಿಗೆ ಹಚ್ಚೂದೇನ್ರಿ?”

“ನೀ ಕೊಯ್ದ ಮ್ಯಾಲ ಅದು ಇಡೀ ಉಳಿತಿತ್ತೇನ?”

ಮಾತು ಸರಿಯೇ. ಆದರೂ ಮನಸ್ಸು ಒಪ್ಪಲಿಲ್ಲ. ಈ ಬಾರಿ ಅತ್ತೆಯೂ ಬಾಗಿಲ ಹೊರಗೆ ನಿಂತು ಮಲ್ಲಯ್ಯನ ಹೆಸರು ಹೇಳತೊಡಗಿದರು. ಹೊಸ ಹಾಳೆ ತರಿಸಬಹುದಿತ್ತು. ಆದರೆ ಒಮ್ಮೆ ಒಡೆದ ಕನ್ನಡಿಯ ನೆನಪು ಹೊಸ ಹಾಳೆಯಿಂದ ಹೋದೀತೇ? ನಾಳೆ ಕೂಸಿಗೆ ಒಂದು ನೆಗಡಿ ಬಂದರೂ ಅದು ನನ್ನ ಕೈಯ ಕನ್ನಡಿಯಿಂದಲೇ ಎಂದು ನಾನು ಕೊರಗುವುದು ಖಂಡಿತ. ಸವಿತಾ ಒಳಗಿಂದ, “ಅವ್ವಾ, ಯಾರಿಗೂ ಹೇಳಬ್ಯಾಡ ಬಿಡ. ನಮ್ಮ ಅತ್ತಿಗೆ ಹೆಂಗ ಗೊತ್ತಾಗಬೇಕ?” ಎಂದಳು. ಪಾಪ, ಅವಳಿಗೆ ಅವಳ ಚಿಂತೆ.

ಅವಳ ಅತ್ತೆ ಎಂಥವರೆಂದರೆ, ನಿಶ್ಚಯದ ದಿನ ರಾಹುಕಾಲ ಮುಗಿಯಲೆಂದು ಎರಡೂ ಮನೆಯವರನ್ನು ಹೊರಗೆ ಚಪ್ಪರದಲ್ಲೇ ಕೂರಿಸಿದ್ದರು. ಸೀರೆಯ ಅಂಚಿನಲ್ಲಿ ಕರಿ ಎಳೆ ಇದೆಯೆಂದು ಉಡುಗೊರೆ ಸೀರೆಯನ್ನು ವಾಪಸು ಮಾಡಿದವರು. ಅಂಥವರ ಮುಂದೆ ಇದನ್ನು ಹೇಳಿದರೆ, ತೊಟ್ಟಿಲೇ ಬೇಡ ಎಂದುಬಿಟ್ಟಾರು. ತಂದೆ ಕಣ್ಣು ಮಸಕಾಗಿದ್ದಾಗಲೂ ಕೂತು ಕೆತ್ತಿದ ತೊಟ್ಟಿಲು ಬಿಟ್ಟು, ಮಗಳು ಖಾಲಿ ಕೈಯಲ್ಲಿ ಹೋಗಬೇಕಾದೀತು. ಆದರೆ ಅದರಲ್ಲಿ ಮಲಗುವ ಕೂಸು ಅವರದೂ ಹೌದು. ಮುಚ್ಚಿಟ್ಟು ಕೊಡುವುದು ನನ್ನಿಂದಾಗದ ಮಾತು. ಮೂಗು ಒರೆಸಿಕೊಂಡು ನಾನೇ ಫೋನು ಮಾಡಿದೆ.

ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಆ ಕಡೆ ಎಮ್ಮೆಯ ಕೊರಳ ಗಂಟೆಯಷ್ಟೇ ಕೇಳುತ್ತಿತ್ತು.

“ನೀವ ಹೇಳದಿದ್ರ ನನಗ ಗೊತ್ತಾಗತಿತ್ತೇನ್ರಿ?” ಎಂದರು ಕೊನೆಗೆ.

“ಇಲ್ರಿ.”

“ಮತ್ತ್ಯಾಕ ಹೇಳಿದ್ರಿ?”

“ಕೂಸ ನಿಮ್ಮದೂ ಹೌದಲ್ರಿ.”

ಆಮೇಲೆ ಕೇಳಿದರು. “ಪೂಜಿ ಮೊದಲ ಆಗಿತ್ತೇನ?”

“ಆಗಿತ್ರಿ.”

“ಅಕ್ಷತಿ ನೀವs ಇಟ್ಟಿದ್ರೇನ?”

“ನಾನs ಇಟ್ಟಿದ್ದೆ, ಮಲ್ಲಯ್ಯನ ಹೆಸರ್ಲೆ.”

“ಹಂಗಾದ್ರ ಚಿಂತಿ ಯಾತರದ್ರಿ? ಅಕ್ಷತಿ ಮ್ಯಾಲ ಕುಂತ ಕನ್ನಡಿ ಅದು. ಮದುವ್ಯಾಗ ತಲಿ ಮ್ಯಾಲ ಬೀಳೂ ಅಕ್ಷತಿ ಯಾರಿಗರೆ ಕೇಡ ಮಾಡೈತೇನ? ಅದನ್ನs ಕೂಡಸ್ರಿ. ಅದನ್ನ ಬಿಟ್ಟ ಬ್ಯಾರೆ ಹಾಳಿ ತಂದ್ರ ನಾ ತೊಟ್ಟಿಲಾ ಒಯ್ಯಾಂಗಿಲ್ಲ, ಈಗs ಹೇಳೇನಿ.” ಹಿಂದೆಯೇ, “ಮುಂದಿನ ಸಲ ಅಕ್ಷತಿ ಮ್ಯಾಲಿಂದ ಹಾಕ್ರಿ, ಅಕ್ಕಾರ. ಬುಡಕ ಹಾಕಬ್ಯಾಡ್ರಿ” ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಫೋನು ಸವಿತಾಳ ಕೈಗೆ ಕೊಟ್ಟು ದೇವರ ಮುಂದೆ ಕೈಮುಗಿದೆ. ನಂಬುವವರಿಗೆ ಅದೇ ನಂಬಿಕೆಯಿಂದಲೇ ಧೈರ್ಯ ಹೇಳಬೇಕು. ನಮ್ಮ ಮನೆಯವರ ಮಾತು ಸರಿಯಾಗೇ ಇತ್ತು, ಆದರೆ ನನ್ನ ಎದೆಯ ಭಾರ ಇಳಿಸಿದ್ದು ಬೀಗತಿಯ ಮಾತು.

ಆಮೇಲೆ ಮೇಜಿನ ಮೇಲಿದ್ದ ಅಕ್ಷತೆಯನ್ನೆಲ್ಲ ಸೆರಗಿನಲ್ಲಿ ಬಾಚಿಕೊಂಡು ತುಳಸಿಕಟ್ಟೆಗೆ ಹಾಕಿದೆ. ಮೇಜಿನ ಮೇಲೆ ದಪ್ಪ ಕೌದಿ ಹಾಸಿ, ಅಂಗೈಯಿಂದ ಸವರಿ ನೋಡಿ, ಅದರ ಮೇಲೆ ದೊಡ್ಡ ತುಂಡು ಇಟ್ಟೆ. ನಮ್ಮ ಮನೆಯವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

“ಕಣ್ಣ ಮುಚ್ಚಿದ್ರ ಹೆಂಗ ಹೇಳಾವ್ರ?”

“ಕಿವಿಲೆ. ಎಳಿ ನೀ.”

ಎಳೆದೆ. ಟಕಟಕ ಎಂದಿತು. “ಗಾಲಿ ಜಿಗದೈತಿ, ಅಂಜಿ ಅಂಜಿ ಎಳಿಯಾಕತ್ತಿ. ಆ ಪಟ್ಟಿ ಬಿಡು, ಬಾಜೂಕ ಇನ್ನೊಂದ ಎಳಿ” ಎಂದರು. ಇನ್ನೊಮ್ಮೆ ಎಳೆದಾಗ ಕರ್‌ರ್ ಎಂದು ಹಲ್ಲು ಕಡಿದಂತಾಯಿತು. “ಒತ್ತಬ್ಯಾಡ, ಅದೇನ ನಿನ್ನ ಗಂಡನ ಕುತಗಿ ಅಲ್ಲ.” ಅತ್ತೆ ಬಾಗಿಲ ಹೊರಗಿನಿಂದಲೇ ನಕ್ಕರು. ನನಗೂ ನಗು ಬಂತು. ನಗುವಿನಲ್ಲಿ ಕೈ ಸಡಿಲಾಯಿತೋ ಏನೋ, ಮುಂದಿನ ಗೆರೆ ಸರ್‌ರ್ ಎಂದು ಒಂದೇ ಉಸಿರಿಗೆ ಸಾಗಿತು, ರೇಷ್ಮೆ ಸೀರೆಯ ಮಡಿಕೆ ಬಿಚ್ಚಿದ ಹಾಗೆ.

“ಹಾಂ! ಅದು” ಎಂದರು ಕಣ್ಣು ತೆರೆಯದೆ. “ಈಗ ಗೆರಿ ಬುಡಕ ಕಡ್ಡಿ ಇಟ್ಟ, ಎರಡೂ ಕಡೆ ಸಾವಕಾಶ ಒತ್ತು.”

ಹೆಬ್ಬೆರಳುಗಳಿಂದ ಒತ್ತಿದೆ. ಟಿಕ್ ಎಂದು ಸಣ್ಣ ಸದ್ದು. ನೇರ ಪಟ್ಟಿ ನನ್ನ ಕೈಗೆ ಬಂತು. ಆ ಸದ್ದಿನಲ್ಲಿ ಒಡೆದದ್ದು ಏನೂ ಇರಲಿಲ್ಲ. ಬೀಗದಲ್ಲಿ ಕೀಲಿಕೈ ತಿರುಗಿದ ಹಾಗಿತ್ತು.

ಆ ದಿನ ಮತ್ತು ಮರುದಿನ ರೊಟ್ಟಿ ಬಡಿದು, ಕೂಸಿಗೆ ಎಣ್ಣೆ ನೀರು ಹಾಕಿ, ಸಿಕ್ಕ ಹೊತ್ತಿನಲ್ಲೆಲ್ಲ ಕೊಯ್ದೆ. ಕೆಲವು ಹಾಳಾದವು. ಒಂದೆರಡು ಬಾರಿ ಬೆರಳು ಕೊಯ್ದುಕೊಂಡು ಅರಿಶಿನ ಮೆತ್ತಿದೆ. ತುಂಡುಗಳ ಅಂಚನ್ನು ಒದ್ದೆ ಸಾಣೆಕಲ್ಲಿಗೆ ತಿಕ್ಕಿ ತೊಳೆದ ಮೇಲೆ ನಮ್ಮ ಮನೆಯವರು ಒಂದೊಂದನ್ನೇ ಪರೀಕ್ಷೆ ಮಾಡುತ್ತಿದ್ದರು. ನನ್ನ ಬತ್ತಿ ಹೊಸೆಯುವ ಅರಳೆಯನ್ನೇ ತರಿಸಿಕೊಂಡು ಅಂಚಿನ ಸುತ್ತ ಎಳೆಯುವರು. ಎಳೆ ಒಂದಾದರೂ ಸಿಕ್ಕಿಕೊಂಡರೆ, “ಇನ್ನೂ ಕಚ್ಚತೈತಿ, ತಿಕ್ಕು” ಎಂದು ವಾಪಸು. ಒಂದು ತುಂಡಂತೂ ಅಷ್ಟು ಸಾರಿ ತಿರುಗಿ ಬಂತೆಂದರೆ, ನಾನು ರೇಗಿ, “ಇದನ್ನ ನೀವs ಇಟ್ಕೊರಿ” ಎಂದೆ. ಅಂಟು ಹಚ್ಚಿ ತಗ್ಗಿನಲ್ಲಿ ಕೂರಿಸಿದ ಮೇಲೂ ಅವರ ಬೆರಳು ಹಲಗೆಯ ಮೇಲೆಲ್ಲ ಓಡಾಡಿತು. ಕನ್ನಡಿ ಎಲ್ಲಿ ಮುಗಿದು ಕಟ್ಟಿಗೆ ಎಲ್ಲಿ ಶುರುವಾಯಿತು ಎಂದು ಬೆರಳಿಗೆ ತಿಳಿಯಬಾರದಂತೆ. ಕೊನೆಗೆ, “ಕೂಸಿನ ಕೈ ಹೊರಗ ಬಂದ್ರೂ ಅಂಜಿಕಿ ಇಲ್ಲ” ಎಂದರು. ನನಗೆ ಬೇರೆ ಶಹಬ್ಬಾಸ್ ಬೇಕಿರಲಿಲ್ಲ.

ಸೋಮವಾರ ಬೆಳಿಗ್ಗೆ ಬೀಗತಿ ಅಳಿಯನೊಂದಿಗೆ ಟೆಂಪೋದಲ್ಲಿ ಬಂದರು. ಕೈಕಾಲು ತೊಳೆದು ಮೊಮ್ಮಗನನ್ನು ಎತ್ತಿಕೊಳ್ಳುವ ಮೊದಲು ತೊಟ್ಟಿಲ ಹತ್ತಿರ ಹೋದರು. ಒಳಗೆ ಕೈ ಹಾಕಿ ಸವರಿದರು. ಒಂದೂ ಕನ್ನಡಿ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಹೊರಗಿನ ಹಲಗೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದೇ ಕನ್ನಡಿಯನ್ನು ನೋಡಿದರು. ಸವಿತಾ ನನ್ನ ಸೆರಗು ಹಿಡಿದುಕೊಂಡು ನಿಂತಿದ್ದಳು, ಸಣ್ಣವಳಿದ್ದಾಗ ಸಾಲೆಯ ಬಾಗಿಲಲ್ಲಿ ನಿಂತ ಹಾಗೆ.

“ಅಕ್ಕಾರ, ಬರ್ರಿ ಇಲ್ಲೆ” ಎಂದು ಕರೆದರು.

ಹೋಗಿ ಪಕ್ಕದಲ್ಲಿ ಕುಳಿತೆ. ಶಂಕರಪಾಳಿಯಷ್ಟು ಕನ್ನಡಿಯಲ್ಲಿ ಎರಡು ಮುಖ ಹಿಡಿಸುವುದು ಹೇಗೆ? ಒಂದರಲ್ಲಿ ಅವರ ಮೂಗುತಿ, ಪಕ್ಕದ್ದರಲ್ಲಿ ನನ್ನ ಕುಂಕುಮ, ಅದರ ಕೆಳಗೆ ಯಾರದೋ ಅರ್ಧ ಗಲ್ಲ. ಯಾರ ಮುಖ ಎಲ್ಲಿ ಮುಗಿದು ಯಾರದು ಶುರುವಾಗಿದೆ ಎಂದು ತಿಳಿಯುತ್ತಿರಲಿಲ್ಲ. ಅವರು ಬೆರಳಿಟ್ಟು ತೋರಿಸಿದರು.

“ಇದು ನಿಮ್ಮ ಕಣ್ಣೋ ನಂದೋ?”

“ನಿಮ್ಮದs ಇರಬೇಕ್ರಿ, ನನ್ನವು ಮಗಳ ಹೊಂಟಾಳಂತ ಅತ್ತು ಕೆಂಪಾಗ್ಯಾವು” ಎಂದೆ.

“ಇಬ್ಬರದೂ ಕೂಡೇ ಇರ್ಲಿ ಬಿಡ್ರಿ. ಕೂಸಿಗೆ ಇಬ್ಬರೂ ಬೇಕ” ಎಂದು ಅವರು ನನ್ನ ಕೈಹಿಡಿದು ಎದ್ದರು. ನನ್ನ ಬೆರಳ ಮೇಲಿದ್ದ ಕೊಯ್ತದ ಗುರುತುಗಳನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು.

ಸವಿತಾಳ ಉಡಿ ತುಂಬಿ ಕೂಸಿನೊಂದಿಗೆ ಗಾಡಿ ಹತ್ತಿಸಿದೆವು. ಅಳಿಯ ತೊಟ್ಟಿಲನ್ನು ಟೆಂಪೋದಲ್ಲಿ ಇಟ್ಟು ಹಗ್ಗದಿಂದ ಬಿಗಿದ. ಗಾಡಿ ಓಣಿಯಲ್ಲಿ ತಿರುಗುವಾಗ ಎದುರು ಮನೆಯ ಗೋಡೆಯ ಮೇಲೆ ಬೆಳಕಿನ ಚೂರುಗಳು ಓಡಾಡಿದವು. ನಮ್ಮ ಮನೆಯವರು ಕರಿ ಕನ್ನಡಕದೊಳಗಿಂದ ಆ ಕಡೆಯೇ ಮುಖ ಮಾಡಿ ನಿಂತಿದ್ದರು. ಅವರಿಗೆ ಎಷ್ಟು ಕಂಡಿತೋ ನಾನು ಕೇಳಲಿಲ್ಲ.

ಆ ಕನ್ನಡಿ ಒಡೆಯದೇ ಇದ್ದಿದ್ದರೆ ನಾನು ಬೀಗತಿಗೆ ಆ ದಿನ ಫೋನು ಮಾಡುತ್ತಿರಲಿಲ್ಲ. ಮಾಡದಿದ್ದರೆ ಇನ್ನೂ ಎಷ್ಟು ವರ್ಷ ಅವರಿಗೆ ಅಂಜಿಕೊಂಡೇ ಇರುತ್ತಿದ್ದೆನೋ. ಈಗ ವಾರಕ್ಕೊಮ್ಮೆಯಾದರೂ ಮಾತಾಡುತ್ತೇವೆ. ಹಾಲಿನ ಫ್ಯಾಟಿನಿಂದ ಹಿಡಿದು ಮೊಮ್ಮಗನ ಹಲ್ಲಿನ ತನಕ. ನಮ್ಮ ಮನೆಯವರ ಎಡಗಣ್ಣಿನ ಪೊರೆಯನ್ನೂ ತೆಗೆಸಿದ್ದಾಯಿತು. ದೇವರು ದೊಡ್ಡದಾಗಿ ಏನು ಕೊಟ್ಟ ಎಂದು ಯಾರಾದರೂ ಕೇಳಿದರೆ ಹೇಳಲು ನನಗೆ ತೋಚುವುದಿಲ್ಲ. ಹೀಗೆ ಸಣ್ಣ ಸಣ್ಣದಾಗಿ, ಬೇಕಾದ ಹೊತ್ತಿಗೆ ಸರಿಯಾಗಿ ಕೊಟ್ಟದ್ದೇ ನೆನಪಿಗೆ ಬರುತ್ತದೆ.

ಅಂದು ಮಾತ್ರ ಇಷ್ಟೆಲ್ಲ ಯೋಚಿಸಲು ಪುರುಸೊತ್ತಿರಲಿಲ್ಲ. ಟೆಂಪೋದ ಸದ್ದು ಕೇಳದಂತಾದ ಮೇಲೆ ಅತ್ತೆ, “ಮೋಡ ಏರಾಕತ್ತೈತಿ, ಬಿಸಲ ಇದ್ದಾಗs ಒಗಿಯೂದ ಮುಗಿಸಬೇ” ಎಂದರು. ಬಾಣಂತಿ ಕೋಣೆಯ ಹೊರಸಿನ ಮಂಚವನ್ನು ಎತ್ತಿ ನಿಲ್ಲಿಸಿ, ಹಾಲಿನ ವಾಸನೆಯ ದುಪ್ಪಟಿಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು, ಹಿತ್ತಲಿನ ಕಲ್ಲಿನ ಮೇಲೆ ಒಗೆಯಲು ಕುಳಿತೆ.